ಲಾವಣಿ ಹೊಲದಲ್ಲಿ ಬೆಳೆದ ಲೀಗ್

ಸಿದ್ಧಾರೂಢರ ಜಾತ್ರೆ ಯಾವಾಗ ಅಂತ ಹುಬ್ಬಳ್ಳಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಶಿವರಾತ್ರಿ ಆದ ಮರುದಿನ ತೇರು, ಅಷ್ಟೇ. 2026ರಲ್ಲಿ ಶಿವರಾತ್ರಿ ಫೆಬ್ರುವರಿ 15ಕ್ಕೆ ಬಂತು. ಪಂಚಾಂಗದಲ್ಲಿ ಅದು ಮೊದಲೇ ಅಚ್ಚಾಗಿತ್ತು. ಬೆಂಡು-ಬತ್ತಾಸು ಮಾರುವವರು, ಬಳೆ ಅಂಗಡಿಯವರು, ತೊಟ್ಟಿಲು ತಿರುಗಿಸುವವರು ಎಲ್ಲರೂ ಅದನ್ನು ನೋಡಿಕೊಂಡೇ ಸರಕು ಹೊಂದಿಸಿಕೊಂಡಿದ್ದರು.

ಅದರ ಹಿಂದಿನ ದಿನ, ಫೆಬ್ರುವರಿ 14ಕ್ಕೆ, ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಆ ತಾರೀಖನ್ನು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಹೇಳಿದ್ದು ಜನವರಿ 6ಕ್ಕೆ. ಬರೀ 39 ದಿನ ಮೊದಲು. ಅಲ್ಲಿಯ ತನಕ ಆಟಗಾರರಿಗೂ ಗೊತ್ತಿಲ್ಲ, ಕೋಚ್‌ಗಳಿಗೂ ಗೊತ್ತಿಲ್ಲ, ನಮ್ಮಂಥ ಅಭಿಮಾನಿಗಳ ಮಾತು ಬಿಡಿ. ದೇಶದ ದೊಡ್ಡ ಫುಟ್‌ಬಾಲ್ ಲೀಗಿಗಿಂತ ಜಾತ್ರೆಯ ಬತ್ತಾಸಿನ ಅಂಗಡಿಯವನ ತಯಾರಿ ಚೆನ್ನಾಗಿತ್ತು.

ನನ್ನ ತಂಡ ಸೋತರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ಆದರೂ ಸೋಲು ಅಭ್ಯಾಸವಾಗುತ್ತದೆ. ಆಟವೇ ಇಲ್ಲದ ತಿಂಗಳುಗಳು ಅಭ್ಯಾಸ ಆಗಲಿಲ್ಲ. ಈ ಸಲದ ಸೀಸನ್ ಬಗ್ಗೆ ನನಗಿರುವ ಸಿಟ್ಟೆಲ್ಲ ಅಲ್ಲಿಂದಲೇ ಶುರು.

ನಾನು 2013ರಿಂದ, ಅಂದರೆ ತಂಡ ಹುಟ್ಟಿದ ದಿನದಿಂದ, ಬೆಂಗಳೂರು ಎಫ್‌ಸಿ ಕಡೆಯವನು. ಮೊದಲ ವರ್ಷವೇ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ ಅದು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. 2019ರಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಲ್ಲಿ ಸೂಪರ್ ಲೀಗ್ ಕಪ್ಪೂ ಬಂತು. ಹುಬ್ಬಳ್ಳಿಯವನಿಗೆ ಬೆಂಗಳೂರು ತಂಡದ ಮೇಲೆ ಯಾಕೆ ಇಷ್ಟು ಹುಚ್ಚು ಅಂತ ಕೇಳುವವರಿದ್ದಾರೆ. ರಾಜ್ಯದಿಂದ ಸೂಪರ್ ಲೀಗಿನಲ್ಲಿ ಇರುವುದೇ ಒಂದು ತಂಡ, ಇನ್ಯಾರ ಮೇಲೆ ಇಟ್ಟುಕೊಳ್ಳಬೇಕು?

ಆದರೆ ತಮಾಷೆ ನೋಡಿ. ಹುಬ್ಬಳ್ಳಿಗೆ ಹತ್ತಿರದ ಸೂಪರ್ ಲೀಗ್ ಮೈದಾನ ಬೆಂಗಳೂರಿನ ಕಂಠೀರವ ಅಲ್ಲ, ಗೋವಾದ ಫತೋರ್ಡಾ. ಬೆಂಗಳೂರಿಗೆ ನಾನೂರು ಕಿಲೋಮೀಟರ್ ಮೇಲಾಗುತ್ತದೆ. ಗೋವಾಕ್ಕೆ ಅದರ ಅರ್ಧವೂ ಇಲ್ಲ. ಹೀಗಾಗಿ ನಾವು ನಮ್ಮ ತಂಡವನ್ನು ಜಾಸ್ತಿ ಸಲ ನೋಡಿದ್ದು ಎದುರಾಳಿಗಳ ಮನೆಯಲ್ಲಿ.

2025ರ ಏಪ್ರಿಲ್ 6 ಅಂಥದೇ ಒಂದು ದಿನ. ಭಾನುವಾರ, ರಾಮನವಮಿ. ಪಾನಕ ಕುಡಿದು ನಾಲ್ಕು ಜನ ಒಂದೇ ಕಾರಿನಲ್ಲಿ ಹೊರಟೆವು. ರಾಮನಗರ ದಾಟಿ ಅನಮೋಡ್ ಘಾಟ್ ಇಳಿದು ಮಡಗಾಂವ್. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ. ಮೈಮೇಲೆ ನೀಲಿ ಜರ್ಸಿ, ಅದರ ಮೇಲೊಂದು ಸಾದಾ ಅಂಗಿ. ಸಿಕ್ಕ ಟಿಕೆಟ್ ಗೋವಾ ಕಡೆಯ ಸ್ಟ್ಯಾಂಡಿನದು, ಅದಕ್ಕೇ ಈ ವೇಷ.

ಸೆಮಿಫೈನಲ್‌ನ ಎರಡನೇ ಪಂದ್ಯ ಅದು. ಬೆಂಗಳೂರಿನಲ್ಲಿ ನಾವು 2-0 ಗೆದ್ದಿದ್ದೆವು. ಇಲ್ಲಿ ವಿರಾಮ ಆದ ಕೂಡಲೇ ಗೋವಾ ಒಂದು ಗೋಲು ಹೊಡೆಯಿತು. 88ನೇ ನಿಮಿಷಕ್ಕೆ ಸಾದಿಕು ಇನ್ನೊಂದು. ಎರಡೂ ಪಂದ್ಯ ಕೂಡಿಸಿ ಲೆಕ್ಕ ಸಮ. ಕಿತ್ತಳೆ ಬಣ್ಣದ ಸ್ಟ್ಯಾಂಡ್ ಪೂರ್ತಿ ಎದ್ದು ನಿಂತಿತು, ಕಾಲ ಕೆಳಗಿನ ಸಿಮೆಂಟ್ ನಡುಗುತ್ತಿತ್ತು. ನಾವೂ ಎದ್ದು ನಿಂತೆವು. ಕುಳಿತಿದ್ದರೆ ಸಿಕ್ಕಿಬೀಳುತ್ತಿದ್ದೆವು, ಅಲ್ವಾ. ಆಮೇಲೆ 92ನೇ ನಿಮಿಷ. ಒಂದು ಕ್ರಾಸ್, ನಮ್ಮ ಸುನಿಲ್ ಛೇತ್ರಿ ತಲೆ, ಗೋಲು. ಮೈದಾನ ಒಮ್ಮೆಲೇ ಸತ್ತ ಮನೆಯಂತಾಯಿತು. ಕೂಗೋ ಹಾಗಿಲ್ಲ. ಪಕ್ಕದಲ್ಲಿದ್ದ ಗೆಳೆಯ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದ ಅಂದರೆ ನಾಲ್ಕು ದಿನ ಕಂದು ಗುರುತು ಇತ್ತು. ವಾಪಸ್ ಬರುವಾಗ ಘಾಟಿನ ಮೊದಲ ತಿರುವು ದಾಟಿದ ಮೇಲೆ ಕಾರಿನ ಕಿಟಕಿ ಇಳಿಸಿ ಕೂಗಿದೆವು. ಕೇಳಿದ್ದು ಮಂಗಗಳು ಮಾತ್ರ.

ಆರು ದಿನ ಬಿಟ್ಟು ಫೈನಲ್, ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ, ಮೋಹನ್ ಬಾಗಾನ್ ವಿರುದ್ಧ. ಅಷ್ಟು ದೂರ ಹೋಗಲಾಗಲಿಲ್ಲ. ಮನೆಯ ಟಿ.ವಿ.ಯಲ್ಲಿ ಅವತ್ತು ಐಪಿಎಲ್. ಹೈದರಾಬಾದ್‌ನ ಅಭಿಷೇಕ್ ಶರ್ಮಾ ಪಂಜಾಬ್ ವಿರುದ್ಧ 141 ಹೊಡೆದ ರಾತ್ರಿ ಅದು. ಅಣ್ಣ, ಅಣ್ಣನ ಮಕ್ಕಳು, ಪಕ್ಕದ ಮನೆಯವರು ಎಲ್ಲ ಹಾಲ್‌ನಲ್ಲಿ. ನಾನು ಹಿತ್ತಲ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತಿದ್ದೆ. ಬಾಗಾನ್ ಆಟಗಾರನ ಸ್ವಂತ ಗೋಲಿನಿಂದ ನಾವು ಮುಂದಿದ್ದೆವು. ಕಮಿಂಗ್ಸ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೋಲು ಹೊಡೆದ. 2-1, ಕತೆ ಮುಗಿಯಿತು. ಒಳಗೆ ಒಂದೊಂದು ಸಿಕ್ಸರ್‌ಗೂ ಶಿಳ್ಳೆ. ನೀರು ಕುಡಿಯಲು ಬಂದ ಪಕ್ಕದ ಮನೆ ಕಾಕಾ ಮೊಬೈಲ್ ಇಣುಕಿ ನೋಡಿದರು. "ಫುಟ್‌ಬಾಲಾ? ಅದು ನಡೀತೈತೇನು ಇನ್ನೂ?"

ಕಾಕಾನ ಬಾಯಿ ಎಂಥದೋ. ಮುಂದಿನ 308 ದಿನ ಲೀಗ್ ನಡೆಯಲೇ ಇಲ್ಲ.

ಯಾಕೆ ನಡೆಯಲಿಲ್ಲ ಅನ್ನುವುದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಧಾರವಾಡ, ಗದಗ ಕಡೆ ಹೊಲ ಲಾವಣಿಗೆ ಕೊಡುವುದು ಎಲ್ಲರಿಗೂ ಗೊತ್ತು. ಹೊಲದ ಮಾಲೀಕ ಒಬ್ಬ, ಉಳುವವನು ಇನ್ನೊಬ್ಬ. ಇಷ್ಟು ವರ್ಷಕ್ಕೆ ಇಷ್ಟು ದುಡ್ಡು ಅಂತ ಮಾತಾಗಿರುತ್ತದೆ. ಭಾರತದ ಫುಟ್‌ಬಾಲ್ ಹೊಲದ ಮಾಲೀಕ ಎಐಎಫ್‌ಎಫ್, ಅಂದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. 2010ರ ಡಿಸೆಂಬರ್‌ನಲ್ಲಿ ಅದು ಐಎಂಜಿ-ರಿಲಯನ್ಸ್‌ಗೆ 15 ವರ್ಷಕ್ಕೆ ಲಾವಣಿ ಬರೆದುಕೊಟ್ಟಿತು. ಆಮೇಲೆ ಉಳುಮೆಯ ಕೆಲಸ ಎಫ್‌ಎಸ್‌ಡಿಎಲ್ ಎನ್ನುವ ಕಂಪನಿ ಕೈಗೆ ಬಂತು. 2014ರಲ್ಲಿ ಸೂಪರ್ ಲೀಗ್ ಶುರು ಮಾಡಿದ್ದು ಅದೇ. ಲಾವಣಿ ಹಣ ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿ. ಕರಾರು ಮುಗಿಯುವುದು 2025ರ ಡಿಸೆಂಬರ್ 8ಕ್ಕೆ.

ಈಗ ಕ್ಯಾಲೆಂಡರ್ ನೋಡಿ. ಲೀಗ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ತನಕ ನಡೆಯುತ್ತದೆ. ಕರಾರು ಡಿಸೆಂಬರ್‌ಗೇ ಮುಗಿದರೆ ಬಿತ್ತುವವನು ಇವನು, ರಾಶಿ ಮಾಡುವವನು ಯಾರೋ. ಲಾವಣಿಯ ಕಡೆಯ ವರ್ಷ ಯಾವ ರೈತ ಹೊಲಕ್ಕೆ ಗೊಬ್ಬರ ಹಾಕುತ್ತಾನೆ? 2025ರ ಜುಲೈ 11ಕ್ಕೆ ಎಫ್‌ಎಸ್‌ಡಿಎಲ್ ಕ್ಲಬ್‌ಗಳಿಗೆ ಪತ್ರ ಬರೆಯಿತು. ಸೀಸನ್ ಸದ್ಯಕ್ಕೆ ತಡೆಹಿಡಿದಿದ್ದೇವೆ ಅಂತ. ಅದರ ಮೇಲೆ ಸಿಟ್ಟಾಗುವುದು ಸುಲಭ, ನಾನೂ ಆಗಿದ್ದೆ. ಆದರೆ ವ್ಯಾಪಾರದ ಲೆಕ್ಕದಲ್ಲಿ ಅದರಲ್ಲಿ ಅಂಥ ತಪ್ಪೇನೂ ಇಲ್ಲ. ತಪ್ಪು ಇರುವುದು ಬೇರೆ ಕಡೆ. ಕರಾರು ಯಾವ ದಿನ ಮುಗಿಯುತ್ತದೆ ಅಂತ 15 ವರ್ಷದಿಂದ ಗೊತ್ತಿದ್ದೂ ಮಾಲೀಕ ಏನು ಮಾಡುತ್ತಿದ್ದ?

ಮಾಲೀಕ ಕೋರ್ಟಿನಲ್ಲಿದ್ದ. ಫೆಡರೇಷನ್‌ನ ಸಂವಿಧಾನ, ಅಂದರೆ ಅದನ್ನು ಯಾರು ನಡೆಸಬೇಕು, ಎಷ್ಟು ವರ್ಷ ಕುರ್ಚಿಯಲ್ಲಿರಬಹುದು ಅನ್ನುವ ನಿಯಮಾವಳಿ, 2017ರಿಂದ ಸುಪ್ರೀಂ ಕೋರ್ಟ್ ಮುಂದಿತ್ತು. ನಡುವೆ 2022ರ ಆಗಸ್ಟ್‌ನಲ್ಲಿ ಫಿಫಾ ಹನ್ನೊಂದು ದಿನ ಭಾರತವನ್ನು ಅಮಾನತು ಮಾಡಿದ್ದೂ ಆಯಿತು. ತೀರ್ಪು ಬರುವ ತನಕ ಹೊಸ ಕರಾರು ಮಾಡಬೇಡಿ ಅಂತ ಕೋರ್ಟ್ ಹೇಳಿತ್ತು. ತೀರ್ಪು ಬಂದಿದ್ದು 2025ರ ಸೆಪ್ಟೆಂಬರ್ 19ಕ್ಕೆ, ಮಾಮೂಲಿ ವರ್ಷವಾಗಿದ್ದರೆ ಲೀಗ್ ಆಗಲೇ ಶುರುವಾಗಿರುತ್ತಿದ್ದ ಹೊತ್ತಿಗೆ. ಅಷ್ಟರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಸೇರಿ ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ನಿಲ್ಲಿಸಿದ್ದವು. ಕ್ಲಬ್‌ನ ಆ ಹೇಳಿಕೆ ಓದಿದಾಗ ನನಗೆ ಮೊದಲು ನೆನಪಾದದ್ದು ಛೇತ್ರಿ, ಗೋಲ್‌ಕೀಪರ್ ಗುರುಪ್ರೀತ್ ಅಲ್ಲ. ಅವರಿಗೆ ಹೇಗೋ ನಡೆಯುತ್ತದೆ. ಬಟ್ಟೆ ಒಗೆದು ಮಡಚಿಡುವ ಕಿಟ್ ಹುಡುಗರು, ಹುಲ್ಲು ಕತ್ತರಿಸುವವರು, ಅವರೆಲ್ಲ ಏನು ಮಾಡಿದರೋ.

ಆಮೇಲೆ ಟೆಂಡರ್. ಹೊಸಬರು 15 ವರ್ಷಕ್ಕೆ ಲೀಗ್ ನಡೆಸಬಹುದು; ವರ್ಷಕ್ಕೆ ಕನಿಷ್ಠ 37.5 ಕೋಟಿ ಅಥವಾ ಒಟ್ಟು ಆದಾಯದ ಶೇ 5, ಯಾವುದು ಜಾಸ್ತಿಯೋ ಅಷ್ಟು ಫೆಡರೇಷನ್‌ಗೆ ಕೊಡಬೇಕು. ನವೆಂಬರ್ 7 ಕಡೆಯ ದಿನ. ಬಂದ ಬಿಡ್ ಎಷ್ಟು? ಸೊನ್ನೆ. ಇಷ್ಟು ವರ್ಷ ಉತ್ತವರೂ ಬರಲಿಲ್ಲ.

ಇದನ್ನು "ನೋಡಿ, ಭಾರತದಲ್ಲಿ ಫುಟ್‌ಬಾಲ್‌ಗೆ ಬೆಲೆ ಇಲ್ಲ" ಅಂತ ಓದಿದವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಹೊಸ ಲಾವಣಿಯ ಷರತ್ತು ನೋಡಿ. ದುಡ್ಡು ಪೂರ್ತಿ ಉಳುವವನದು, ನಷ್ಟವೂ ಅವನದೇ. ಆದರೆ ಏನು ಬಿತ್ತಬೇಕು, ಯಾವಾಗ ನೀರು ಬಿಡಬೇಕು ಅನ್ನುವ ಮಾತಿನಲ್ಲಿ ಅವನದು ಹಲವು ದನಿಗಳಲ್ಲಿ ಒಂದು ದನಿ. ಹೊಲದ ಮೇಲೆ ಕೇಸು ಬೇರೆ ಇದೆ ಅಂತ ಊರಿಗೆಲ್ಲ ಗೊತ್ತು. ಇಂಥ ಹೊಲಕ್ಕೆ ಖಾತ್ರಿ ಹಣ ಕಟ್ಟಿ ಅಂದರೆ ಅಮರಗೋಳ ಎಪಿಎಂಸಿಯ ಯಾವ ದಲಾಲನೂ ಕೈ ಹಾಕುವುದಿಲ್ಲ. ಮಾರುಕಟ್ಟೆ ತಿರಸ್ಕರಿಸಿದ್ದು ಆ ಕರಾರನ್ನು. ಆಟಕ್ಕೆ ಬೆಲೆ ಇಲ್ಲ ಅನ್ನುವವರು ಫತೋರ್ಡಾದಲ್ಲಿ 88ನೇ ನಿಮಿಷಕ್ಕೆ ನನ್ನ ಕಾಲಡಿ ನಡುಗಿದ ಸಿಮೆಂಟನ್ನು ನೋಡಿರಲಿಕ್ಕಿಲ್ಲ.

ಹೊಸ ವರ್ಷದ ಮೊದಲ ವಾರ ಛೇತ್ರಿ, ಗುರುಪ್ರೀತ್, ಸಂದೇಶ್ ಝಿಂಗನ್ ಥರದ ದೇಶದ ತಂಡದ ಆಟಗಾರರೆಲ್ಲ ಸೇರಿ ಒಂದು ವಿಡಿಯೊ ಬಿಟ್ಟರು. ಭಾರತದ ಫುಟ್‌ಬಾಲ್ ಉಳಿಸಿ ಅಂತ ಫಿಫಾಕ್ಕೇ ಮೊರೆ. ಅದಾಗಿ ಕೆಲವೇ ದಿನಕ್ಕೆ ಸಚಿವರ ಘೋಷಣೆ ಬಂತು. 14 ತಂಡ, 91 ಪಂದ್ಯ, ಎಲ್ಲರೂ ಎಲ್ಲರ ವಿರುದ್ಧ ಒಂದೇ ಸಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ಹೇಳಿಕೊಳ್ಳುವುದು ನಮಗೆಲ್ಲ ಚಟ. 1507 ಮೀಟರ್. ಒಂದು ಫುಟ್‌ಬಾಲ್ ಮೈದಾನದ ಉದ್ದ 105 ಮೀಟರ್ ಹಿಡಿಯಿರಿ. ಒಂದರ ಹಿಂದೆ ಒಂದು ಇಟ್ಟರೆ ಸರಿಯಾಗಿ 14 ಮೈದಾನ ಹಿಡಿಯುತ್ತದೆ, ಚಹಾ ಅಂಗಡಿಗೆ 37 ಮೀಟರ್ ಉಳಿಯುತ್ತದೆ. ಲೀಗಿನ 14 ತಂಡಕ್ಕೂ ನಮ್ಮ ಪ್ಲಾಟ್‌ಫಾರ್ಮ್ ಮೇಲೆ ಒಂದೊಂದು ಮೈದಾನ ಕೊಡಬಹುದು. ಬೆಳಗಾವಿ ರೈಲಿಗೆ ಕಾಯುತ್ತಾ ಒಮ್ಮೆ ಈ ಲೆಕ್ಕ ಹಾಕಿದ್ದೆ. ಆಮೇಲೆ ಅನ್ನಿಸಿತು, ಆ 14 ಮೈದಾನದಲ್ಲಿ ಈ ವರ್ಷ ಒಂದೊಂದರಲ್ಲಿ ಎಷ್ಟು ಪಂದ್ಯ ನಡೆಯುತ್ತವೆ? ಒಂದು ತಂಡಕ್ಕೆ ಒಟ್ಟು 13 ಪಂದ್ಯ. ಹದಿಮೂರನ್ನು ಎರಡು ಪಾಲು ಮಾಡಲು ಬರುವುದಿಲ್ಲ. ಮನೆ ಮೈದಾನದಲ್ಲಿ ಯಾರಿಗೋ ಜಾಸ್ತಿ, ಯಾರಿಗೋ ಕಮ್ಮಿ.

ಇದು ಸಣ್ಣ ವಿಷಯ ಅಲ್ಲ. ಎರಡು ಸುತ್ತಿನ ಲೀಗ್ ಅಂದರೆ ನೀನು ನನ್ನ ಮನೆಗೆ ಬಾ, ನಾನು ನಿನ್ನ ಮನೆಗೆ ಬರುತ್ತೇನೆ. ಅಲ್ಲಿಗೆ ಲೆಕ್ಕ ಚುಕ್ತಾ. ಒಂದೇ ಸುತ್ತಾದರೆ ಬಲವಾದ ತಂಡವನ್ನು ಯಾರು ತಮ್ಮೂರಿನಲ್ಲಿ ಎದುರಿಸುತ್ತಾರೆ, ಯಾರು ಅದರ ಊರಿಗೆ ಹೋಗಿ ಎದುರಿಸುತ್ತಾರೆ ಅನ್ನುವುದರ ಮೇಲೆ ಪಟ್ಟಿ ಅದಲು ಬದಲಾಗುತ್ತದೆ. ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ಪಂದ್ಯವನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್ 3ಕ್ಕೆ ಛೇತ್ರಿ ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಒಳಗೆ ಹಾಕಿದ್ದು, ಬ್ಲಾಸ್ಟರ್ಸ್‌ನವರು ಆಟ ಬಿಟ್ಟು ಹೊರಗೆ ನಡೆದದ್ದು, ಅವರಿಗೆ ನಾಲ್ಕು ಕೋಟಿ ದಂಡ ಬಿದ್ದದ್ದು ಯಾರಿಗೆ ಮರೆತಿದೆ? ಅಂಥ ಜಗಳದ ಪಂದ್ಯ ವರ್ಷಕ್ಕೆ ಎರಡು ಸಲ ಬೇಕು. ಒಂದೇ ಸಲ ಆದರೆ ಸೋತವನಿಗೆ ತೀರಿಸಿಕೊಳ್ಳಲು ದಾರಿಯೇ ಇಲ್ಲ.

ಇನ್ನೊಂದು ಹೊಡೆತ ಏಷ್ಯಾ ಮಟ್ಟದ್ದು. ಎಎಫ್‌ಸಿ ಟೂರ್ನಿಗಳಿಗೆ ಹೋಗಬೇಕಾದರೆ ಕ್ಲಬ್‌ಗಳು ವರ್ಷಕ್ಕೆ ಕನಿಷ್ಠ 24 ಪಂದ್ಯ ಆಡಿರಬೇಕು. ಲೀಗಿನ 13ಕ್ಕೆ ಇನ್ನೊಂದು ಟೂರ್ನಿಯಾದ ಸೂಪರ್ ಕಪ್ ಸೇರಿಸಿದರೂ ಅದು ತುಂಬುವುದಿಲ್ಲ. ವಿನಾಯಿತಿ ಕೇಳಬೇಕಾದ ಸ್ಥಿತಿ. ಹತ್ತು ವರ್ಷದ ಹಿಂದೆ ಎಎಫ್‌ಸಿ ಕಪ್ ಫೈನಲ್ ಆಡಿದ ತಂಡದ ಅಭಿಮಾನಿಗೆ ಇದು ಹೇಗಾಗಬೇಡ? ಹಾಜರಿ ಕಮ್ಮಿಯಾಗಿ ಪರೀಕ್ಷೆಗೆ ಕೂರಿಸಿ ಅಂತ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತ ಹುಡುಗನ ಹಾಗೆ.

ಆದರೂ ಈ 91 ಪಂದ್ಯಕ್ಕೆ ನಾನು ವಿರೋಧ ಅಲ್ಲ. ಇದು ಬರಗಾಲದ ವರ್ಷದ ಬೆಳೆ. ಎಕರೆಗೆ ಎರಡು ಚೀಲ ಬಂದರೂ ಹೊಲ ಬೀಳು ಬಿಡುವುದಕ್ಕಿಂತ ಮೇಲು. ಸಣ್ಣ ಲೀಗಿನಲ್ಲಿ ಒಂದು ಮಜಾನೂ ಇದೆ. ಪ್ರತಿ ಪಂದ್ಯದ ಪಾಯಿಂಟ್‌ಗೂ ತೂಕ ಜಾಸ್ತಿ. ನಂಬರ್ ಒನ್ ಆದವನೇ ಚಾಂಪಿಯನ್, ಪ್ಲೇಆಫ್ ಗೊಂದಲ ಇಲ್ಲ. ನನಗೆ ಮೊದಲಿಂದಲೂ ಹೀಗೇ ಬೇಕಿತ್ತು. ಆರು ತಿಂಗಳು ಮೇಲಿದ್ದವನು ಎರಡು ವಾರದ ಪ್ಲೇಆಫ್‌ನಲ್ಲಿ ಜಾರಿದರೆ ಕಪ್ ಬೇರೆಯವನಿಗೆ ಅನ್ನುವುದು ಟಿ.ವಿ.ಗೆ ಒಳ್ಳೆಯದು, ನ್ಯಾಯಕ್ಕೆ ಅಲ್ಲ. (ಏಪ್ರಿಲ್‌ನಲ್ಲಿ ನಾವು ಮೂರನೇ ಸ್ಥಾನದಿಂದ ಫೈನಲ್‌ಗೆ ಹೋದಾಗ ನಾನು ಈ ಮಾತು ಆಡಲಿಲ್ಲ, ಒಪ್ಪಿಕೊಳ್ಳುತ್ತೇನೆ.)

ಲಾವಣಿ ಹೊಲದ ಇನ್ನೊಂದು ರೋಗ, ತಂಡಗಳು ಊರು ಬಿಟ್ಟು ಊರಿಗೆ ಹೋಗುವುದು. ಪುಣೆ ಸಿಟಿ 2019ರಲ್ಲಿ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. 2022ರಲ್ಲಿ ಕಪ್ ಗೆದ್ದಿತು. ಈಗ ಆ ತಂಡ ದಿಲ್ಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ ಆಗಿದೆ. ದಿಲ್ಲಿಯಲ್ಲಿ ಮೊದಲು ಇದ್ದ ಡೈನಮೋಸ್ ಅದೇ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ನಮ್ಮ ಕಡೆಯ ಕಂಪನಿ ನಾಟಕದವರೂ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಎತ್ತುತ್ತಾರೆ. ಆದರೆ ಗದಗಕ್ಕೆ ಬಂದರೂ ಹಾವೇರಿಗೆ ಬಂದರೂ ಕಂಪನಿ ಹೆಸರು ಅದೇ ಇರುತ್ತದೆ, ನಾಯಕ ನಟನೂ ಅವನೇ. ಇಲ್ಲಿ ಹೆಸರು, ಬಣ್ಣ, ಊರು ಎಲ್ಲ ಹೋಯಿತು. ಹೈದರಾಬಾದ್‌ನಲ್ಲಿ ಹಳದಿ ಜರ್ಸಿ ಕೊಂಡ ಹುಡುಗ ಅದನ್ನೀಗ ಏನು ಮಾಡಬೇಕು? ಕಾರು ಒರೆಸಬೇಕಾ?

ಇದಕ್ಕೇ ನಾನು, ಪಟ್ಟಿಯ ಕಡೆಯ ತಂಡ ಕೆಳಗಿನ ಲೀಗಿಗೆ ಇಳಿಯುವ ನಿಯಮದ ಪರ. 2023ರಿಂದ, ಎರಡನೇ ದರ್ಜೆಗೆ ಇಳಿದಿದ್ದ ಐ-ಲೀಗ್ ಗೆದ್ದವರು ಮೇಲೆ ಬರುತ್ತಿದ್ದಾರೆ. ಮೊದಲು ಪಂಜಾಬ್, ಆಮೇಲೆ ಮೊಹಮ್ಮಡನ್, ಈಗ ಇಂಟರ್ ಕಾಶಿ. ಪಾಪ, ಇಂಟರ್ ಕಾಶಿಯವರು ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಾಲಯದ ತನಕ ಹೋಗಿ ಗೆದ್ದು ಬಂದರು. ಆದರೆ 2025ರ ತನಕ ಮೇಲಿಂದ ಕೆಳಗೆ ಯಾರೂ ಇಳಿದಿಲ್ಲ. ಕೋಟಿಗಟ್ಟಲೆ ಸುರಿದ ಮಾಲೀಕರು ಕೆಳಗಿಳಿದರೆ ಮುಳುಗುತ್ತೇವೆ ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಈ ಅನಿಶ್ಚಿತತೆಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರೇ ಮುಂಬೈ ಸಿಟಿಯಿಂದ ಕೈ ತೊಳೆದುಕೊಂಡು ಹೋದರು. ಆದರೂ ಕೆಳಗಿಳಿಯುವ ಭಯ ಇಲ್ಲದ ಲೀಗಿನಲ್ಲಿ ಹತ್ತನೇ ಸ್ಥಾನಕ್ಕೂ ಹದಿಮೂರನೇ ಸ್ಥಾನಕ್ಕೂ ಏನು ಫರಕು? ಫೆಬ್ರುವರಿ ಹೊತ್ತಿಗೆ ಅರ್ಧ ತಂಡಗಳು ಸುಮ್ನೆ ಓಡಾಡಿಕೊಂಡಿರುತ್ತವೆ. ಕೆಳಗಿಳಿದ ಕ್ಲಬ್ ತನ್ನ ಊರಿನಲ್ಲೇ ಇದ್ದು ಮತ್ತೆ ಮೇಲೆ ಬರಬಹುದು. ಊರು ಬಿಟ್ಟ ಕ್ಲಬ್ ವಾಪಸ್ ಬರುವುದಿಲ್ಲ. ಮಾಲೀಕರ ನಷ್ಟಕ್ಕೆ ಮೂರು ವರ್ಷ ಕಾಲಾವಕಾಶ ಕೊಡಲಿ, ಕೆಳಗಿಳಿದವರಿಗೆ ಒಂದಿಷ್ಟು ಹಣ ಕೊಡುವ ವ್ಯವಸ್ಥೆ ಮಾಡಲಿ. ಆದರೆ ಬಾಗಿಲು ಎರಡೂ ಕಡೆ ತೆರೆದಿರಬೇಕು.

ಇನ್ನು ಗೋಲು ಹೊಡೆಯುವವರ ಮಾತು. ಛೇತ್ರಿ 2024ರ ಜೂನ್ 6ಕ್ಕೆ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದ. ಆಗ 94 ಗೋಲು. ಅದಾದ ಮೇಲಿನ ಸೂಪರ್ ಲೀಗ್‌ನಲ್ಲಿ, ನಲವತ್ತು ದಾಟಿದ ಈ ಮನುಷ್ಯ 14 ಗೋಲು ಹೊಡೆದು ಭಾರತೀಯರಲ್ಲಿ ಎಲ್ಲರಿಗಿಂತ ಮುಂದೆ ನಿಂತ. 2025ರ ಮಾರ್ಚ್‌ನಲ್ಲಿ ಅವನನ್ನೇ ವಾಪಸ್ ಕರೆದರು. ಮಾಲ್ಡೀವ್ಸ್ ವಿರುದ್ಧ 95ನೆಯದೂ ಬಂತು. ಅಭಿಮಾನಿಯಾಗಿ ನಾನು ಕುಣಿದೆ. ಆದರೆ ಮೊಮ್ಮಕ್ಕಳಿಗೆ ಕತೆ ಹೇಳಬೇಕಾದ ಅಜ್ಜನನ್ನು ಕರೆದು ಮತ್ತೆ ನೊಗ ಹೊರಿಸಿದ ಮನೆಯ ಪರಿಸ್ಥಿತಿ ಏನಿರಬೇಕು?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದು ತಂಡ ಮೈದಾನದಲ್ಲಿ ನಾಲ್ಕು ವಿದೇಶಿಯರನ್ನು ಆಡಿಸಬಹುದು. ಕೋಚ್‌ಗೆ ಕೆಲಸ ಉಳಿಯಬೇಕು. ಅವನು ಆ ನಾಲ್ಕರಲ್ಲಿ ಒಬ್ಬನನ್ನು ಗೋಲು ಹೊಡೆಯುವ ಜಾಗಕ್ಕೇ ಹಾಕುತ್ತಾನೆ. ನಮ್ಮ ಹುಡುಗರು ಬದಿಯಲ್ಲಿ ಓಡಿ ಚೆಂಡು ಕೊಡುವವರಾಗುತ್ತಾರೆ. ಹತ್ತು ವರ್ಷ ಹೀಗೆ ನಡೆದರೆ ದೇಶದ ತಂಡಕ್ಕೆ ಚೆಂಡು ಕೊಡುವವರು ಇರುತ್ತಾರೆ, ಒಳಗೆ ಹಾಕುವವರು ಇರುವುದಿಲ್ಲ. 2023ರ ಜುಲೈನಲ್ಲಿ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದು ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಬಂದಿದ್ದ ಭಾರತ, 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 1-0 ಸೋತು 142ಕ್ಕೆ ಇಳಿಯಿತು. ಅದರ ಹಿಂದಿನ ತಿಂಗಳೇ ಸಿಂಗಪುರಕ್ಕೆ ಸೋತು ಏಷ್ಯಾ ಕಪ್ ಆಸೆ ಕೈಬಿಟ್ಟಿತ್ತು. ಲೀಗ್ ಇಲ್ಲದೆ, ಪಂದ್ಯದ ರೂಢಿ ಇಲ್ಲದೆ ಆಡಿದ ತಂಡ ಅದು. ಅಂಥ ನವೆಂಬರ್‌ನಲ್ಲೇ ನಮ್ಮ ಬೆಂಗಳೂರು ತಂಡದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡ. ಟೆಂಡರ್‌ಗೆ ಒಂದು ಬಿಡ್ ಬಾರದ ತಿಂಗಳಲ್ಲಿ! ಆ ಮನುಷ್ಯನ ಧೈರ್ಯಕ್ಕೆ ಒಂದು ಪ್ಲೇಟ್ ಲೈನ್ ಬಜಾರ್ ಪೇಡೆ ಕೊಡಿಸಬೇಕು ನಾನು.

ಇದೆಲ್ಲ ದಿಲ್ಲಿ-ಕೋಲ್ಕತ್ತಾ ಮಾತಾಯಿತು. ನಮ್ಮ ಊರಿಗೆ ಬರೋಣ.

ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಕ್ಕೆ ವಾಪಸಾಗುತ್ತಿದ್ದ ಕತೆ ಈ ಕಡೆ ಎಲ್ಲರಿಗೂ ಗೊತ್ತು. ಹೋಗಿ ಬರಲು ನೂರು ಕಿಲೋಮೀಟರ್ ಮೇಲೆ. ಕಡೆಗೆ ಅವರು ದೇಶಕ್ಕೆ ಟೆಸ್ಟ್ ಆಡಿದರು. ಆ ಕತೆಯಲ್ಲಿ ಎಲ್ಲರೂ ಹುಡುಗನ ಛಲ ನೋಡುತ್ತಾರೆ. ನಾನು ಇನ್ನೊಂದನ್ನು ನೋಡುತ್ತೇನೆ. ಹುಬ್ಬಳ್ಳಿಗೆ ಬಂದರೆ ಅಲ್ಲಿ ಏನೋ ಇತ್ತು. ಪಿಚ್ ಇತ್ತು, ಆಡುವ ಕ್ಲಬ್ ಇತ್ತು, ಅಲ್ಲಿಂದ ರಾಜ್ಯ ತಂಡಕ್ಕೆ ಒಂದು ದಾರಿ ಇತ್ತು. ಇವತ್ತು ಗದಗದ ಒಬ್ಬ ಹುಡುಗ ಫುಟ್‌ಬಾಲ್ ಚೀಲ ಹೊತ್ತು ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದರೆ ಎಲ್ಲಿಗೆ ಹೋಗಬೇಕು?

ಕ್ರಿಕೆಟ್‌ಗೆ ರಾಜನಗರದ ಮೈದಾನ ಇದೆ, ಅಲ್ಲಿ ರಣಜಿ ಪಂದ್ಯ ನಡೆಯುತ್ತವೆ. ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್ ಅಂತ ತಂಡವೇ ಇದೆ, 2023ರಲ್ಲಿ ಕಪ್ ಗೆದ್ದಿದೆ. ಫುಟ್‌ಬಾಲ್‌ನಲ್ಲಿ ರಾಜ್ಯದ ದೊಡ್ಡ ಲೀಗ್ ಅಂದರೆ ಬೆಂಗಳೂರು ಸೂಪರ್ ಡಿವಿಷನ್. ಹೆಸರೇ ಹೇಳುವ ಹಾಗೆ ಅದು ಬೆಂಗಳೂರಿನದು. ಪಂದ್ಯಗಳು ಅಶೋಕನಗರದ ಸ್ಟೇಡಿಯಂನಲ್ಲಿ. ಉತ್ತರ ಕರ್ನಾಟಕದಲ್ಲಿ ಬೆಳಗಾವಿಯವರಿಗೆ ಫುಟ್‌ಬಾಲ್ ಹುಚ್ಚು ಇದೆ, ನಮ್ಮಲ್ಲಿ ರೈಲ್ವೆ ಕಾಲೊನಿಗಳ ಹುಡುಗರು ಆಡುತ್ತಾರೆ, ಧಾರವಾಡದ ಕಾಲೇಜುಗಳಲ್ಲಿ ಆಟ ಇದೆ. ಆದರೆ ಇವುಗಳ ನಡುವೆ ಮೆಟ್ಟಿಲು ಇಲ್ಲ. ನಮ್ಮ ಹತ್ತಿರದ ಮೈದಾನ ಒಂದರಲ್ಲಿ ಹುಡುಗರು ಸಂಜೆ ಐದಕ್ಕೆ ಆಡಲು ಬಂದರೆ ಕೆಲವು ತಿಂಗಳು ಅಲ್ಲಿ ವಸ್ತುಪ್ರದರ್ಶನದ ಶಾಮಿಯಾನ ಇರುತ್ತದೆ. ಶಾಮಿಯಾನ ಎದ್ದ ಮೇಲೆ ಮೊಳೆ ಆರಿಸುವುದೇ ಒಂದು ವಾರದ ಪ್ರಾಕ್ಟೀಸ್. ಒಮ್ಮೆ ನಾನೂ ಆರಿಸಿದ್ದೇನೆ, ಎರಡು ಡಬ್ಬಿ ತುಂಬಿತ್ತು.

ಹುಡುಗರು ಇಲ್ಲ ಅನ್ನುವ ಮಾತನ್ನು ನಂಬಬೇಡಿ. ಛೇತ್ರಿಯ ಆ ಫ್ರೀ ಕಿಕ್‌ನ ಮರುದಿನ, 2023ರ ಮಾರ್ಚ್ 4ಕ್ಕೆ, ಕರ್ನಾಟಕ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಹಿಂದೆ ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದಾಗ. 54 ವರ್ಷ! ಆ ಶನಿವಾರ ನಾನು ಚೆನ್ನಮ್ಮ ಸರ್ಕಲ್ ಹತ್ತಿರ ಗಿರ್ಮಿಟ್ ತಿನ್ನುತ್ತಾ ಹತ್ತು ಜನಕ್ಕೆ ಈ ಸುದ್ದಿ ಹೇಳಿದೆ. ಒಂಬತ್ತು ಜನ ಕೇಳಿದ್ದು ಫ್ರೀ ಕಿಕ್ ಬಗ್ಗೆ. ಒಬ್ಬ ಕೇಳಿದ, "ಸಂತೋಷ್ ಅಂದ್ರ ಯಾರ?"

ಈಗ ಹೊಸ ಕರಾರು ಯಾರ ಕೈಗೆ ಹೋಗಬೇಕು ಅಂತ ಚರ್ಚೆ. ಕ್ಲಬ್‌ಗಳೇ ಸೇರಿ ನಡೆಸಲಿ ಅನ್ನುವವರಿದ್ದಾರೆ. ಹಿಂದೊಮ್ಮೆ ಎಫ್‌ಎಸ್‌ಡಿಎಲ್ ಕೂಡ ಹೊಸ ಕಂಪನಿ ಮಾಡಿ ಶೇ 60 ಕ್ಲಬ್‌ಗಳಿಗೆ, ಶೇ 26 ತನಗೆ, ಶೇ 14 ಫೆಡರೇಷನ್‌ಗೆ ಅಂತ ಲೆಕ್ಕ ಮುಂದಿಟ್ಟಿತ್ತು. ನನ್ನ ಒಲವು ಕ್ಲಬ್‌ಗಳ ಕಡೆ. ಉಳುವವನಿಗೇ ಭೂಮಿ ಅನ್ನುವುದು ಈ ರಾಜ್ಯದಲ್ಲಿ ಹೊಸ ಮಾತೇನಲ್ಲ. ಎಪ್ಪತ್ತರ ದಶಕದಲ್ಲಿ ಲಾವಣಿದಾರರಿಗೆ ಹೊಲ ಸಿಕ್ಕ ಮೇಲೆ ಬದು ಹಾಕಿದ್ದು, ಬಾವಿ ತೋಡಿದ್ದು ಎಲ್ಲ ನಮ್ಮ ಹಿರಿಯರು ಹೇಳುತ್ತಿದ್ದರು. ತನ್ನದು ಅನ್ನಿಸಿದರೆ ಮಾತ್ರ ಹತ್ತು ವರ್ಷದ ಮುಂದಿನ ಮಾವಿಗೆ ಇವತ್ತು ನೀರು ಹಾಕುತ್ತಾರೆ. ಹಾಗಂತ ಕ್ಲಬ್‌ಗಳ ಕೈಗೆ ಕೊಟ್ಟ ಕೂಡಲೇ ಅವರು ಕೆಳಗಿಳಿಯುವ ನಿಯಮಕ್ಕೆ ಬೀಗ ಹಾಕಬಾರದು. ಅಕಾಡೆಮಿ ಖರ್ಚು ಮೊದಲು ಕತ್ತರಿಸಬಾರದು. ಆ ಎರಡು ಷರತ್ತು ಕಾಗದದಲ್ಲಿ ಇರಲೇಬೇಕು, ಮತ್ತು ಅದನ್ನು ನೋಡಿಕೊಳ್ಳುವುದು ಫೆಡರೇಷನ್ ಕೆಲಸ.

ಎಲ್ಲಕ್ಕಿಂತ ಮೊದಲು ತಾರೀಖು ಬೇಕು. ಮುಂದಿನ ಮೂರು ವರ್ಷ ಲೀಗ್ ಯಾವ ವಾರ ಶುರು, ಯಾವ ವಾರ ಮುಗಿತಾಯ ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೆ ಅರ್ಧ ಸಮಸ್ಯೆ ತಾನಾಗಿ ಸಡಿಲವಾಗುತ್ತದೆ. ಜಾಹೀರಾತು ಕೊಡುವವನು ಅದನ್ನು ನೋಡಿ ದುಡ್ಡು ಎತ್ತಿಡುತ್ತಾನೆ. ಟಿ.ವಿ.ಯವನು ಸಮಯ ಇಡುತ್ತಾನೆ. ಆಟಗಾರನ ಏಜೆಂಟ್ ಕರಾರು ಬರೆಯುತ್ತಾನೆ.

ಮೊನ್ನೆ ಕಾರಿನ ಗೆಳೆಯ ಫೋನ್ ಮಾಡಿದ್ದ. ತೊಡೆ ಚಿವುಟಿದವನೇ. ಮುಂದಿನ ಸೀಸನ್ ಗೋವಾ ಪಂದ್ಯಕ್ಕೆ ಹೋಗುವುದು ಪಕ್ಕಾ ಅಂದ. "ಮುಂದಿನ ಎರಡು ಟೈರ್ ಸವದಾವು. ಘಾಟ್ ಇಳಿಯೂಕಿಂತ ಮೊದಲ ಹಾಕಿಸಬೇಕು. ಯಾವ ತಿಂಗಳು ಅಂತ ಅಷ್ಟ ಹೇಳಿಬಿಡು."

ಕೇಳಿ ಹೇಳುತ್ತೇನೆ ಅಂದಿದ್ದೇನೆ. ಯಾರನ್ನು ಕೇಳಬೇಕು ಅಂತ ಅವನೂ ಕೇಳಲಿಲ್ಲ.